ಹೊಸ ಕುಲಪತಿ, ಹೊಸ ಕೋರ್ಸು, ಹಳೆಯ ಲೆಕ್ಕ

ಸಣ್ಣ ಖಾಸಗಿ ವಿಶ್ವವಿದ್ಯಾಲಯವೊಂದಕ್ಕೆ ಹೊಸ ಕುಲಪತಿ ಬಂದೊಡನೆ ಹೊಸ ಕೋರ್ಸುಗಳ ಪಟ್ಟಿಯೊಂದು ಹೊರಡುವುದು ಈಗ ವಾಡಿಕೆಯಾಗಿದೆ. ಪಟ್ಟಿಯಲ್ಲಿ ಡೇಟಾ ಸೈನ್ಸ್ ಇರುತ್ತದೆ, ಕೃತಕ ಬುದ್ಧಿಮತ್ತೆ ಇರುತ್ತದೆ, ಎಂ.ಬಿ.ಎ. ಇರುತ್ತದೆ, ಸಂಸ್ಥೆ ಜೈನ ಸಮಾಜದ ಪೋಷಣೆಯದಾಗಿದ್ದರೆ ಕೊನೆಯಲ್ಲಿ ಪ್ರಾಕೃತ, ಜೈನಶಾಸ್ತ್ರ, ಅಹಿಂಸಾ ಅಧ್ಯಯನ ಎಂಬ ಒಂದು ಸಾಲೂ ಇರುತ್ತದೆ. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಜೈನ ಕುಟುಂಬಕ್ಕೆ ಇಂತಹ ಸಂಸ್ಥೆಯಿಂದ ಎರಡು ಪತ್ರಗಳು ಬರುವುದುಂಟು. ಒಂದು, ಹನ್ನೆರಡನೆಯ ತರಗತಿ ಮುಗಿಸಿದ ಮಗಳ ಹೆಸರಿಗೆ; ಅದರಲ್ಲಿ ಪಟ್ಟಿಯ ಮೊದಲ ಭಾಗದ ವರ್ಣನೆ. ಇನ್ನೊಂದು, ಮನೆಯ ಅಜ್ಜನ ಹೆಸರಿಗೆ. ಅದರಲ್ಲಿ ಕೊನೆಯ ಸಾಲಿನ ವರ್ಣನೆ ಮತ್ತು ಬ್ಯಾಂಕ್ ಖಾತೆಯ ಸಂಖ್ಯೆ. ಒಂದು ಶುಲ್ಕ ಕೇಳುತ್ತದೆ, ಇನ್ನೊಂದು ದಾನ ಕೇಳುತ್ತದೆ. ಈ ಕೋರ್ಸನ್ನು ಕಲಿಸುವವರು ಯಾರು, ಅವರ ಹುದ್ದೆ ಕಾಯಂ ಆದುದೋ ಗುತ್ತಿಗೆಯದೋ, ಐದು ವರ್ಷಗಳ ಬಳಿಕ ಸಂಬಳ ಎಲ್ಲಿಂದ ಬರುತ್ತದೆ ಎಂಬ ಮಾತು ಎರಡರಲ್ಲಿಯೂ ಇರುವುದಿಲ್ಲ.

ಈ ಮಾತನ್ನು ಈಗಲೇ ಎತ್ತಲು ಕಾರಣವಿದೆ. 2024ರ ಅಕ್ಟೋಬರ್ 3ರಂದು ಕೇಂದ್ರ ಸಚಿವ ಸಂಪುಟವು ಮರಾಠಿ, ಪಾಲಿ, ಅಸ್ಸಾಮಿ, ಬಂಗಾಳಿಗಳ ಜೊತೆಗೆ ಪ್ರಾಕೃತಕ್ಕೂ ಶಾಸ್ತ್ರೀಯ ಭಾಷೆಯ ಸ್ಥಾನ ನೀಡಿತು. ಶ್ರವಣಬೆಳಗೊಳದಲ್ಲಿ ಪ್ರಾಕೃತ ವಿಶ್ವವಿದ್ಯಾಲಯವೊಂದು ಆಗಬೇಕೆಂಬುದು 2023ರ ಮಾರ್ಚ್‌ನಲ್ಲಿ ಜಿನೈಕ್ಯರಾದ ಸ್ವಸ್ತಿಶ್ರೀ ಚಾರುಕೀರ್ತಿ ಭಟ್ಟಾರಕ ಸ್ವಾಮೀಜಿಯವರ ಬಹುಕಾಲದ ಹಂಬಲವಾಗಿತ್ತು. ಹೀಗಿರುವಾಗ ಪ್ರಾಕೃತದ ಹೆಸರಿನಲ್ಲಿ ಹೊಸ ವಿಭಾಗಗಳು, ಹೊಸ ಪೀಠಗಳು, ಪ್ರಾಯಶಃ ಹೊಸ ವಿಶ್ವವಿದ್ಯಾಲಯಗಳು ಮುಂದಿನ ವರ್ಷಗಳಲ್ಲಿ ಘೋಷಿತವಾಗಲಿವೆ. ಹಣ ಕೊಡಬೇಕಾದವರು ಹೊರನಾಡಿನ ಶ್ರಾವಕರೇ. ಶಾಸ್ತ್ರೀಯ ಸ್ಥಾನ ದೊರೆತ ಮಾತ್ರಕ್ಕೆ ಅಧ್ಯಾಪಕನ ಸಂಬಳ ದೊರೆಯುವುದಿಲ್ಲವೆಂಬುದು ಕನ್ನಡಿಗರಿಗೆ ಹೊಸದಾಗಿ ತಿಳಿಯಬೇಕಾದ ಸಂಗತಿಯಲ್ಲ. 2008ರಲ್ಲಿ ಕನ್ನಡಕ್ಕೆ ಆ ಸ್ಥಾನ ಬಂದ ಮೇಲೂ ಮೈಸೂರಿನ ಶಾಸ್ತ್ರೀಯ ಕನ್ನಡ ಅಧ್ಯಯನ ಕೇಂದ್ರದ ಸ್ವಾಯತ್ತತೆಗಾಗಿ ವರ್ಷಾನುಗಟ್ಟಲೆ ಕೂಗಬೇಕಾಯಿತು.

ಜೈನ ಸಮಾಜ ಕಟ್ಟಿದ ಸಣ್ಣ ವಿಶ್ವವಿದ್ಯಾಲಯ ಹೇಗಿರುತ್ತದೆಂದು ನೋಡಬಯಸುವವರು ರಾಜಸ್ಥಾನದ ಲಾಡನೂನ್ ಕಡೆಗೆ ದೃಷ್ಟಿ ಹರಿಸಬೇಕು. ತೇರಾಪಂಥದ ಆಚಾರ್ಯ ತುಳಸಿಯವರು ಹುಟ್ಟಿದ ಊರು ಅದು. ಅವರ ಪ್ರೇರಣೆಯಿಂದ 1970ರಲ್ಲಿ ಜೈನ ವಿಶ್ವಭಾರತಿ ಎಂಬ ಸಂಸ್ಥೆ ಹುಟ್ಟಿತು. ಅದರ ವಿದ್ಯಾಸಂಸ್ಥೆಗೆ 1991ರಲ್ಲಿ ಯುಜಿಸಿ ಕಾಯ್ದೆಯ 3ನೆಯ ಸೆಕ್ಷನ್ನಿನಂತೆ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ದೊರೆಯಿತು. ಜ್ಞಾನದ ಸಾರವೇ ಆಚಾರ ಎಂಬರ್ಥದ ಪ್ರಾಕೃತ ವಾಕ್ಯ ಅದರ ಧ್ಯೇಯ. ಜೈನವಿದ್ಯೆ ಮತ್ತು ತೌಲನಿಕ ಧರ್ಮದರ್ಶನ, ಪ್ರಾಕೃತ ಮತ್ತು ಸಂಸ್ಕೃತ, ಅಹಿಂಸೆ ಮತ್ತು ಶಾಂತಿ, ಜೀವನವಿಜ್ಞಾನ ಮತ್ತು ಪ್ರೇಕ್ಷಾಧ್ಯಾನ ಇವು ಅಲ್ಲಿನ ವಿಭಾಗಗಳು. ಮಾರುಕಟ್ಟೆ ಕೇಳದ ಈ ವಿಷಯಗಳನ್ನೇ ಹೆಸರಿಗೆ ಹೊತ್ತು ನಿಂತ ವಿಶ್ವವಿದ್ಯಾಲಯ ಭಾರತದಲ್ಲಿ ವಿರಳ. ಹಾಗೆಂದು ಅಲ್ಲಿ ಅವಷ್ಟೇ ಇವೆಯೆಂದಲ್ಲ. ಸಮಾಜಕಾರ್ಯ ಇದೆ, ಶಿಕ್ಷಕಿಯರ ತರಬೇತಿ ಇದೆ, ಹೆಣ್ಣುಮಕ್ಕಳ ಪದವಿ ಕಾಲೇಜು ಇದೆ, ದೂರಶಿಕ್ಷಣ ಇದೆ. ಊರಿಗೆ ಬೇಕಾದ ಕೋರ್ಸುಗಳೂ ಸಮಾಜಕ್ಕೆ ಬೇಕಾದ ಕೋರ್ಸುಗಳೂ ಒಂದೇ ಆವರಣದಲ್ಲಿವೆ.

ನಾಯಕತ್ವದ ವಿಷಯದಲ್ಲಿ ಲಾಡನೂನ್ ಇಟ್ಟ ಹೆಜ್ಜೆಯನ್ನು ಸುಧಾರಣಾವಾದಿಗಳು ಸಾಕಷ್ಟು ಗಮನಿಸಿಲ್ಲ. 1980ರಲ್ಲಿ ಆಚಾರ್ಯ ತುಳಸಿಯವರು ಸಮಣ ಶ್ರೇಣಿಯನ್ನು ಆರಂಭಿಸಿದರು: ಪೂರ್ಣ ದೀಕ್ಷೆಯ ಸಾಧು ಸಾಧ್ವಿಯರಿಗೆ ಇಲ್ಲದ ವಾಹನಪ್ರಯಾಣದ ಅವಕಾಶ ಈ ಶ್ರೇಣಿಯವರಿಗುಂಟು. ಪ್ರಯಾಣ ಮಾಡಬಲ್ಲವರು ಓದಿದರು, ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿದರು. ಮುಂದೆ ಸಮಣಿ ಮಂಗಲಪ್ರಜ್ಞಾ, ಸಮಣಿ ಚಾರಿತ್ರಪ್ರಜ್ಞಾ ಅದೇ ವಿಶ್ವವಿದ್ಯಾಲಯದ ಕುಲಪತಿಗಳಾದರು. ಅವರಿಗಿಂತ ಮೊದಲು ಪತ್ರಿಕಾ ಕ್ಷೇತ್ರದಿಂದ ಬಂದ ಸುಧಾಮಹಿ ರಘುನಾಥನ್ ಅವರೂ ಆ ಸ್ಥಾನದಲ್ಲಿದ್ದರು. ಜೈನ ಸಂಘದ ಒಂದು ಸಂಸ್ಥೆ ಮೂವರು ಮಹಿಳೆಯರನ್ನು ಕುಲಪತಿಯ ಪೀಠದಲ್ಲಿ ಕೂರಿಸಿತು. ದಕ್ಷಿಣದ ದಿಗಂಬರ ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ಮಹಿಳೆಯರು ಎಷ್ಟು ಮಂದಿ ಇದ್ದಾರೆಂದು ಎಣಿಸಹೊರಟರೆ ಒಂದು ಕೈಯ ಬೆರಳುಗಳೇ ಹೆಚ್ಚಾದಾವು. ಪಂಥ ಬೇರೆಯೆಂಬ ಕಾರಣಕ್ಕೆ ಈ ಪಾಠವನ್ನು ಬದಿಗಿಡಬೇಕಾಗಿಲ್ಲ. 2016ರಿಂದ ಕುಲಪತಿಗಳಾದ ಪ್ರೊ. ಬಚ್ಛರಾಜ್ ದೂಗಡ್ ಅವರು ಅಲ್ಲಿಯ ಅಹಿಂಸೆ ಮತ್ತು ಶಾಂತಿ ವಿಭಾಗದಿಂದಲೇ ಬಂದವರು. ಸಂಸ್ಥೆ ತನ್ನ ವಿಭಾಗಗಳೊಳಗಿಂದ ನಾಯಕರನ್ನು ಬೆಳೆಸಿಕೊಳ್ಳಬಲ್ಲದಾದರೆ ವಿಭಾಗಕ್ಕೆ ಜೀವವಿದೆಯೆಂದು ಅರ್ಥ.

ಆದರೆ ಸಣ್ಣದಾಗಿ ಉಳಿಯುವುದು ಇನ್ನು ಮುಂದೆ ಸುಲಭವಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ 2040ರ ಹೊತ್ತಿಗೆ ಎಲ್ಲ ಉನ್ನತ ಶಿಕ್ಷಣ ಸಂಸ್ಥೆಗಳೂ ಬಹುಶಿಸ್ತೀಯವಾಗಲು, ತಲಾ 3,000 ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಹೊಂದಲು ಪ್ರಯತ್ನಿಸಬೇಕು. ಒಂದೇ ವಿಷಯದ ಸಂಸ್ಥೆಗಳಿಗೆ ಆ ನೀತಿಯಲ್ಲಿ ಭವಿಷ್ಯವಿಲ್ಲ. ಪ್ರಾಕೃತದಿಂದ 3,000 ವಿದ್ಯಾರ್ಥಿಗಳು ಬರುವುದಿಲ್ಲವೆಂಬುದು ದೆಹಲಿಯಲ್ಲಿ ನೀತಿ ಬರೆದವರಿಗೂ ಗೊತ್ತು. ಭಾರತೀಯ ಜ್ಞಾನ ಪರಂಪರೆಯ ಬಗ್ಗೆ ವೇದಿಕೆಯ ಮೇಲೆ ಭಾಷಣವಾಗುತ್ತದೆ. ಆ ಪರಂಪರೆಯ ಹಸ್ತಪ್ರತಿ ಓದಬಲ್ಲವರನ್ನು ತಯಾರಿಸುವ ಸಣ್ಣ ಸಂಸ್ಥೆಯ ಮೇಲೆ ತಲೆಯೆಣಿಕೆಯ ಒತ್ತಡ ಬೀಳುತ್ತದೆ. ಆಗ ಕುಲಪತಿಗಳು ಸಂಖ್ಯೆ ತರುವ ಕೋರ್ಸುಗಳನ್ನು ತೆರೆಯುತ್ತಾರೆ. ಅದನ್ನು ತಪ್ಪೆನ್ನಲಾಗದು. ಸಂಖ್ಯೆ ತರುವ ಕೋರ್ಸಿನ ಮಿಗುತೆ ಪ್ರಾಕೃತ ವಿಭಾಗವನ್ನು ಸಾಕುತ್ತಿದೆಯೋ, ಅಥವಾ ಪ್ರಾಕೃತದ ಹೆಸರಿನಲ್ಲಿ ಬಂದ ದಾನ ಉಳಿದ ಕೋರ್ಸುಗಳ ಕಟ್ಟಡವನ್ನು ಸಾಕುತ್ತಿದೆಯೋ ಎಂಬುದನ್ನು ಕೇಳಬೇಕು. ಉತ್ತರ ಲೆಕ್ಕಪತ್ರದಲ್ಲಿ ಮಾತ್ರ ಸಿಗುತ್ತದೆ.

ಆ ಲೆಕ್ಕವನ್ನು ಒಮ್ಮೆ ಹಾಕಿ ನೋಡಬಹುದು. ಏಳನೆಯ ವೇತನ ಆಯೋಗದ ಯುಜಿಸಿ ಶ್ರೇಣಿಯಲ್ಲಿ ಪ್ರಾಧ್ಯಾಪಕರ ಆರಂಭಿಕ ಮೂಲವೇತನ ತಿಂಗಳಿಗೆ 1,44,200 ರೂಪಾಯಿ, ಸಹ ಪ್ರಾಧ್ಯಾಪಕರದು 1,31,400, ಸಹಾಯಕ ಪ್ರಾಧ್ಯಾಪಕರದು 57,700. ಒಬ್ಬ ಪ್ರಾಧ್ಯಾಪಕ, ಒಬ್ಬ ಸಹ ಪ್ರಾಧ್ಯಾಪಕ, ಇಬ್ಬರು ಸಹಾಯಕರಿರುವ ಅತಿ ಸಣ್ಣ ವಿಭಾಗಕ್ಕೆ ಮೂಲವೇತನವೇ ವರ್ಷಕ್ಕೆ 46,92,000 ರೂಪಾಯಿ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸೇರಿದರೆ 75 ಲಕ್ಷ ದಾಟುತ್ತದೆ. ಎಂ.ಎ. ತರಗತಿಯಲ್ಲಿ ಹತ್ತು ವಿದ್ಯಾರ್ಥಿಗಳಿದ್ದು ತಲಾ 20,000 ರೂಪಾಯಿ ಶುಲ್ಕ ಕೊಟ್ಟರೆಂದು ಹಿಡಿದರೂ ಬರುವುದು 2 ಲಕ್ಷ. ಉಳಿದ 73 ಲಕ್ಷ ಪ್ರತಿ ವರ್ಷ, ಪ್ರತಿ ವರ್ಷವೂ, ಎಲ್ಲಿಂದಲಾದರೂ ಬರಬೇಕು. ಠೇವಣಿಗೆ ಶೇಕಡಾ 7 ಬಡ್ಡಿಯೆಂದು ಹಿಡಿದು, ಬೆಲೆಯೇರಿಕೆಗಾಗಿ ಅದರಲ್ಲಿ 3 ಭಾಗವನ್ನು ಮೂಲಧನಕ್ಕೇ ಸೇರಿಸುತ್ತ 4 ಭಾಗವನ್ನು ಮಾತ್ರ ಖರ್ಚು ಮಾಡಿದರೆ, 75 ಲಕ್ಷಕ್ಕೆ ಬೇಕಾಗುವ ಮೂಲನಿಧಿ 18 ಕೋಟಿ 75 ಲಕ್ಷ. ಇಡೀ ವಿಭಾಗ ಬೇಡ, ಒಬ್ಬ ಸಹಾಯಕ ಪ್ರಾಧ್ಯಾಪಕರ ಹುದ್ದೆಯನ್ನಷ್ಟೇ ಶಾಶ್ವತಗೊಳಿಸುವುದಾದರೆ, ಭತ್ಯೆಗಳೂ ಸೇರಿ ವರ್ಷಕ್ಕೆ 11 ಲಕ್ಷ 40 ಸಾವಿರದಂತೆ, 2 ಕೋಟಿ 85 ಲಕ್ಷ ರೂಪಾಯಿ ಬೇಕು.

ಮೊತ್ತ ದೊಡ್ಡದೆನಿಸಬಹುದು. ಒಂದು ಪಂಚಕಲ್ಯಾಣ ಮಹೋತ್ಸವದಲ್ಲಿ, ಕಲಶದ ಸವಾಲುಗಳಲ್ಲಿ ಏಳುವ ಹಣವನ್ನು ಬಲ್ಲವರಿಗೆ ಇದು ಎಟುಕದ ಮೊತ್ತವಲ್ಲ. ಎಟುಕದೆ ಇರುವುದು ಹಣ ಎದ್ದ ಮೇಲೆ ಅದು ಹೋಗುವ ದಾರಿಯಿಂದ. ಇಲ್ಲಿ ಆದಾಯ ತೆರಿಗೆ ಕಾನೂನಿನ ಒಂದು ಮೂಲೆಯನ್ನು ದಾನಿಗಳು ತಿಳಿದಿರಬೇಕು. ಧರ್ಮಾರ್ಥ ಸಂಸ್ಥೆಗೆ ತೆರಿಗೆ ವಿನಾಯಿತಿ ಬೇಕಾದರೆ ವರ್ಷದ ಆದಾಯದ ಶೇಕಡಾ 85ನ್ನು ಉದ್ದೇಶಕ್ಕಾಗಿ ವಿನಿಯೋಗಿಸಬೇಕು. ಉಳಿಸಿಕೊಳ್ಳಬೇಕೆಂದರೆ ನಿರ್ದಿಷ್ಟ ಉದ್ದೇಶ ತಿಳಿಸಿ, ಕಾಲಮಿತಿಗೆ ಒಳಪಟ್ಟು, ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು. 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದರೂ ಸೆಕ್ಷನ್ನಿನ ಅಂಕಿಗಳು ಬದಲಾದವೇ ಹೊರತು ಈ ತತ್ತ್ವ ಬದಲಾಗಿಲ್ಲ. ದಾನಿ ಯಾವ ಷರತ್ತನ್ನೂ ಬರೆಯದೆ ಕೊಟ್ಟ ಹಣ ಆ ವರ್ಷದ ಆದಾಯವಾಗುತ್ತದೆ. ಮಾರ್ಚ್ ತಿಂಗಳು ಸಮೀಪಿಸಿದಾಗ ಅದನ್ನು ಖರ್ಚು ತೋರಿಸುವುದಕ್ಕೆ ಕಟ್ಟಡದಷ್ಟು ಅನುಕೂಲವಾದದ್ದು ಬೇರೊಂದಿಲ್ಲ: ಕಟ್ಟಡದ ವೆಚ್ಚ ಪೂರ್ತಿಯಾಗಿ ವಿನಿಯೋಗವೆಂದು ಲೆಕ್ಕಕ್ಕೆ ಬರುತ್ತದೆ, ಗೋಡೆಯ ಮೇಲೆ ದಾನಿಯ ಹೆಸರೂ ಬರುತ್ತದೆ. ಹತ್ತು ವರ್ಷ ಕಲಿಸಬೇಕಾದ ಅಧ್ಯಾಪಕನ ಸಂಬಳವನ್ನು ಒಂದೇ ಮಾರ್ಚ್‌ನಲ್ಲಿ ಖರ್ಚು ತೋರಿಸಲು ಬರುವುದಿಲ್ಲ. ಜೈನ ವಿದ್ಯಾಸಂಸ್ಥೆಗಳಲ್ಲಿ ಅಮೃತಶಿಲೆಯ ಸಭಾಂಗಣಗಳಿದ್ದು ಪ್ರಾಕೃತ ಅಧ್ಯಾಪಕ ಗಂಟೆಯ ಲೆಕ್ಕದಲ್ಲಿ ಸಂಭಾವನೆ ಪಡೆಯುವ ವಿಚಿತ್ರಕ್ಕೆ ಒಂದು ಕಾರಣ ಇದು. ದುರುದ್ದೇಶವೇ ಇರಬೇಕೆಂದಿಲ್ಲ, ದಾನಪತ್ರದಲ್ಲಿ ಒಂದು ವಾಕ್ಯ ಇಲ್ಲದಿದ್ದರೆ ಸಾಕು.

ಆ ವಾಕ್ಯವನ್ನು ಕಾನೂನೇ ಒದಗಿಸಿದೆ. ಈ ಹಣ ಮೂಲನಿಧಿಗೆ ಸೇರಬೇಕೆಂದು ದಾನಿ ಲಿಖಿತವಾಗಿ ನಿರ್ದೇಶಿಸಿದರೆ, ಸಂಸ್ಥೆ ಅದನ್ನು ಕಾಯ್ದೆ ಸೂಚಿಸಿದ ಹೂಡಿಕೆಗಳಲ್ಲಿ ಮೂಲನಿಧಿಯೆಂದೇ ಪ್ರತ್ಯೇಕವಾಗಿ ಇಟ್ಟರೆ, ಆ ಮೊತ್ತ ಶೇಕಡಾ 85ರ ಲೆಕ್ಕದಿಂದ ಹೊರಗುಳಿಯುತ್ತದೆ. ಪ್ರತ್ಯೇಕ ಹೂಡಿಕೆಯ ಈ ಷರತ್ತು 2021ರ ಹಣಕಾಸು ಕಾಯ್ದೆಯಿಂದ ಬಂದದ್ದು. ಹಳೆಯ ರಸೀತಿ ಪುಸ್ತಕಗಳನ್ನೇ ಬಳಸುತ್ತಿರುವ ಟ್ರಸ್ಟುಗಳು ಇದನ್ನು ಗಮನಿಸಬೇಕು. ಬಡ್ಡಿಯ ಒಂದು ಭಾಗವನ್ನು ಮೂಲಧನಕ್ಕೆ ಸೇರಿಸಿದರೆ 85ರ ನಿಯಮ ಮುರಿದಂತಾಗದೆ ಎಂದು ಲೆಕ್ಕ ಬಲ್ಲವರು ಕೇಳಬಹುದು. ಆ ನಿಯಮ ಸಂಸ್ಥೆಯ ಒಟ್ಟು ಆದಾಯಕ್ಕೆ ಅನ್ವಯಿಸುತ್ತದೆ. ಶುಲ್ಕದ ಹಣವನ್ನೆಲ್ಲ ಸಂಬಳ ಸಾರಿಗೆಗಳಿಗೆ ಖರ್ಚು ಮಾಡುವ ವಿಶ್ವವಿದ್ಯಾಲಯಕ್ಕೆ ಬಡ್ಡಿಯಲ್ಲಿ ಸ್ವಲ್ಪ ಉಳಿಸಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ದಾನಪತ್ರದಲ್ಲಿ ಇನ್ನೊಂದು ಮಾತನ್ನೂ ಸೇರಿಸಬಹುದು: ಇದರ ಬಡ್ಡಿ ಪ್ರಾಕೃತದ ಇಂತಹ ಹುದ್ದೆಯ ವೇತನಕ್ಕೆ ಮಾತ್ರ ಸಲ್ಲಬೇಕು, ಹುದ್ದೆ ಖಾಲಿಯಿದ್ದ ಕಾಲದ ಬಡ್ಡಿ ಮೂಲಧನಕ್ಕೇ ಸೇರಬೇಕು ಎಂದು.

ಒಂದು ಹುದ್ದೆಯಿಂದ ಆಗುವುದಾದರೂ ಏನು? ಚಿಕ್ಕೋಡಿ ಸೀಮೆಯ ಸದಲಗಾ ಗ್ರಾಮದಲ್ಲಿ 1906ರಲ್ಲಿ ಹುಟ್ಟಿದ ಆದಿನಾಥ ನೇಮಿನಾಥ ಉಪಾಧ್ಯೆಯವರ ಜೀವನ ಇದಕ್ಕೆ ಉತ್ತರ. 1930ರಲ್ಲಿ ಅವರು ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾದರು. ಒಂದು ಸಂಸ್ಥಾನದ ಕಾಲೇಜು, ಒಂದು ಭಾಷೆ, ಒಂದು ಹುದ್ದೆ. 1962ರವರೆಗೆ ಅವರು ಅಲ್ಲಿದ್ದರು. ಕುಂದಕುಂದಾಚಾರ್ಯರ ಪ್ರವಚನಸಾರದ ಆವೃತ್ತಿ 1935ರಲ್ಲಿ, ಯೋಗೀಂದುವಿನ ಪರಮಾತ್ಮಪ್ರಕಾಶ 1937ರಲ್ಲಿ, ವರಾಂಗಚರಿತ 1938ರಲ್ಲಿ ಹೊರಬಂದವು. ಹೀರಾಲಾಲ್ ಜೈನ್ ಅವರೊಡನೆ ತಿಲೋಯಪಣ್ಣತ್ತಿಯ ಸಂಪಾದನೆ, ಮುಂದೆ ಉದ್ಯೋತನಸೂರಿಯ ಕುವಲಯಮಾಲೆ. ಮೂಡುಬಿದಿರೆಯಲ್ಲಿ ತಾಳೆಗರಿಗಳಾಗಿ ಉಳಿದಿದ್ದ ಧವಲಾ ಗ್ರಂಥ 1939ರಿಂದ ಅಚ್ಚಾಗತೊಡಗಿದಾಗ ಹೀರಾಲಾಲ್ ಜೈನ್ ಅವರಿಗೆ ಹೆಗಲು ಕೊಟ್ಟವರಲ್ಲಿ ಉಪಾಧ್ಯೆಯವರೂ ಒಬ್ಬರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರದೇ. 1970ರ ದಶಕದ ಆರಂಭದಲ್ಲಿ ಮೈಸೂರು ವಿಶ್ವವಿದ್ಯಾಲಯ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗ ತೆರೆದಾಗ ಮೊದಲ ಪ್ರಾಧ್ಯಾಪಕರಾಗಿ ಅವರನ್ನೇ ಕರೆಯಿತು. ಅವರು ಪ್ರತಿಭಾವಂತರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ರತಿ ಜೂನ್‌ನಲ್ಲಿ ಗುತ್ತಿಗೆ ನವೀಕರಣಕ್ಕೆ ಕಾಯಬೇಕಾದ ಅಧ್ಯಾಪಕ, ಎಂತಹ ಪ್ರತಿಭಾವಂತನಾದರೂ, ಹತ್ತು ವರ್ಷ ಹಿಡಿಯುವ ಗ್ರಂಥಸಂಪಾದನೆಗೆ ಕೈಹಾಕುವುದಿಲ್ಲ. ಆ ಮೂವತ್ತೆರಡು ವರ್ಷಗಳ ಸಂಬಳವನ್ನು ಕೊಟ್ಟದ್ದು ಜೈನ ಸಮಾಜವಲ್ಲವೆಂಬುದೂ ನೆನಪಿಡಬೇಕಾದ ಸಂಗತಿ.

ಸಮಾಜ ಆಗ ಕೊಟ್ಟದ್ದು ಬೋರ್ಡಿಂಗ್. ಮುಂಬಯಿಯ ದಾನವೀರ ಮಾಣಿಕಚಂದ್ ಹೀರಾಚಂದ್ ಝವೇರಿಯವರು, 1899ರಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆ, 1915ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮಹಾವೀರ ಜೈನ ವಿದ್ಯಾಲಯ, ಇವರೆಲ್ಲ ಹಳ್ಳಿಯ ಹುಡುಗನಿಗೆ ಊರಿನಲ್ಲಿ ಊಟ, ವಸತಿ ಕೊಟ್ಟು ಓದಿಸಿದರು. ಇಂದು ಪುಣೆ, ಮುಂಬಯಿಗಳಲ್ಲಿ ನೆಲೆ ಕಂಡ ಎಷ್ಟೋ ಕುಟುಂಬಗಳ ಹಿಂದಿನ ತಲೆಮಾರು ಅಂತಹ ಅನ್ನ ಉಂಡದ್ದೇ. ಬೋರ್ಡಿಂಗಿನ ಲೆಕ್ಕ ಕಣ್ಣಿಗೆ ಕಾಣುತ್ತಿತ್ತು: ಇಷ್ಟು ಹುಡುಗರು, ಇಷ್ಟು ಜೋಳ, ಇಷ್ಟು ಬೇಳೆ. ವಿಶ್ವವಿದ್ಯಾಲಯದ ಲೆಕ್ಕ ಹಾಗೆ ಕಾಣುವುದಿಲ್ಲ. ಬೋರ್ಡಿಂಗ್ ನಡೆಸಿದ ಮಾದರಿಯಲ್ಲೇ, ಊರಿನ ನಾಲ್ವರು ಹಿರಿಯರು ಕೂತು, ವಿಶ್ವವಿದ್ಯಾಲಯವನ್ನೂ ನಡೆಸಬಹುದೆಂಬ ನಂಬಿಕೆ ಮಾತ್ರ ಉಳಿದುಬಂದಿದೆ.

ನಾಯಕತ್ವದ ತೊಡಕು ಇರುವುದು ಇಲ್ಲಿಯೇ. ಖಾಸಗಿ ವಿಶ್ವವಿದ್ಯಾಲಯದಲ್ಲಿ ಕುಲಾಧಿಪತಿಯನ್ನು ಪ್ರಾಯೋಜಕ ಸಂಸ್ಥೆ ಕೊಡುತ್ತದೆ, ಕುಲಪತಿ ವಿದ್ವಾಂಸರಾಗಿರಬೇಕು. ಕನಿಷ್ಠ ಹತ್ತು ವರ್ಷ ಪ್ರಾಧ್ಯಾಪಕರಾಗಿ ಅಥವಾ ಅದಕ್ಕೆ ಸಮಾನವಾದ ಶೈಕ್ಷಣಿಕ ಸ್ಥಾನದಲ್ಲಿ ಅನುಭವವಿರಬೇಕೆಂದು ಯುಜಿಸಿಯ 2018ರ ನಿಯಮಾವಳಿ ಹೇಳಿತು. 2025ರ ಜನವರಿಯ ಕರಡು ಉದ್ಯಮ, ಆಡಳಿತಗಳಿಂದ ಬಂದವರಿಗೂ ಬಾಗಿಲು ತೆರೆಯುವ ಪ್ರಸ್ತಾಪ ಮಾಡಿತು. ನಿಯಮ ಯಾವುದಿದ್ದರೂ ವಾಸ್ತವ ಬೇರೆ. ಯಾರನ್ನು ನೇಮಿಸಬೇಕು, ಯಾವ ಖರೀದಿಗೆ ಒಪ್ಪಿಗೆ ಕೊಡಬೇಕು ಎಂಬುದು ವಿದ್ಯಾವಿಷಯಕ ಪರಿಷತ್ತಿನಲ್ಲಿ ನಿರ್ಧಾರವಾಗುತ್ತದೆಯೋ ಟ್ರಸ್ಟಿಗಳ ಮನೆಯ ಹಜಾರದಲ್ಲಿಯೋ ಎಂಬುದರಿಂದ ಕುಲಪತಿಯ ನಿಜವಾದ ಸ್ಥಾನ ತಿಳಿಯುತ್ತದೆ. ಕುಲಪತಿಯ ಅವಧಿ ಬಹುಪಾಲು ಐದು ವರ್ಷ. ಹೊಸ ನೀತಿಯ ನಾಲ್ಕು ವರ್ಷದ ಪದವಿಯನ್ನು ಬಂದ ವರ್ಷವೇ ಆರಂಭಿಸಿದರೂ ಅವರ ಕಾಲದಲ್ಲಿ ಎರಡು ತಂಡಗಳಷ್ಟೇ ಹೊರಬರುತ್ತವೆ. ಮೂರನೆಯ ತಂಡದ ಹೊಣೆ ಕುಲಪತಿಯದಲ್ಲ, ಸಂಸ್ಥೆಯದು.

ಅಹಮದಾಬಾದಿನಲ್ಲಿ 1950ರ ದಶಕದಲ್ಲಿ ಎಲ್.ಡಿ. ಭಾರತೀಯ ಸಂಸ್ಕೃತಿ ವಿದ್ಯಾಮಂದಿರ ಸ್ಥಾಪಿತವಾದಾಗ ಮುನಿ ಪುಣ್ಯವಿಜಯರು ಹಸ್ತಪ್ರತಿಗಳನ್ನು ಒಪ್ಪಿಸಿದರು, ಕಸ್ತೂರಭಾಯಿ ಲಾಲಭಾಯಿ ಧನ ಒದಗಿಸಿದರು. ನಿರ್ದೇಶಕರ ಕುರ್ಚಿಗೆ ಬಂದವರು ಪಂಡಿತ ಸುಖಲಾಲಜಿಯವರ ಶಿಷ್ಯರಾದ ದಲಸುಖ ಮಾಲವಣಿಯಾ. ಆ ದೊಡ್ಡ ಗಿರಣಿಯ ಒಡೆಯರಿಗೆ ತಮ್ಮ ಬಂಧುವೊಬ್ಬರನ್ನು ಅಲ್ಲಿ ಕೂರಿಸುವುದು ಕಷ್ಟವೇನೂ ಆಗಿರಲಿಲ್ಲ. ಮಾಲವಣಿಯಾ ಅವರ ಕಾಲದಲ್ಲಿ ಪ್ರಕಟವಾದ ಗ್ರಂಥಮಾಲೆಯನ್ನು ಇಂದಿಗೂ ವಿದ್ವಾಂಸರು ಬಳಸುತ್ತಾರೆ.

ಜೈನರಿಗೆ 2014ರ ಜನವರಿಯಲ್ಲಿ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ದೊರೆತ ಮೇಲೆ ಸಂವಿಧಾನದ 30ನೆಯ ವಿಧಿಯ ಮಾತು ಟ್ರಸ್ಟಿಗಳ ಬಾಯಲ್ಲಿ ಹೆಚ್ಚಾಗಿ ಕೇಳಿಬರುತ್ತಿದೆ. ಆಡಳಿತ ನಡೆಸುವ ಹಕ್ಕಿನಲ್ಲಿ ದುರಾಡಳಿತದ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟು 1958ರಲ್ಲಿಯೇ, ಕೇರಳ ಶಿಕ್ಷಣ ಮಸೂದೆಯ ವಿಚಾರದಲ್ಲಿ, ಹೇಳಿಯಾಗಿದೆ. ಅಲ್ಪಸಂಖ್ಯಾತ ಸಂಸ್ಥೆಯೆಂಬ ಪ್ರಮಾಣಪತ್ರ ಪಡೆದ ಕಾಲೇಜಿನಲ್ಲಿ ಅಲ್ಪಸಂಖ್ಯಾತರ ಭಾಷೆ, ಶಾಸ್ತ್ರಗಳಿಗೆ ಒಬ್ಬ ಕಾಯಂ ಅಧ್ಯಾಪಕನಾದರೂ ಇದ್ದಾನೆಯೇ ಎಂದು ಕೇಳುವ ಅಧಿಕಾರ ಸಮಾಜಕ್ಕಿದೆ. ಸಮಾಜ ಅದನ್ನು ಬಳಸುತ್ತಿಲ್ಲ.

ಹಣದ ಏರ್ಪಾಡಿಲ್ಲದೆ ವಿಶ್ವವಿದ್ಯಾಲಯ ಸ್ಥಾಪಿಸಿದರೆ ಏನಾಗುತ್ತದೆಂಬುದಕ್ಕೆ ಕರ್ನಾಟಕ ಸರ್ಕಾರವೇ ಉದಾಹರಣೆ ಒದಗಿಸಿದೆ. ಹಿಂದಿನ ಸರ್ಕಾರದ ಕಾಲದಲ್ಲಿ ಜಿಲ್ಲೆಗೊಂದರಂತೆ ಘೋಷಿತವಾದ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ವಿಚಾರ 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿಯ ಮುಂದೆ ಬಂದಿತು. ಒಂದು ಪಕ್ಷ ಹಣವಿಡದೆ ತೆರೆದದ್ದು, ಇನ್ನೊಂದು ಪಕ್ಷ ಹಣವಿಲ್ಲವೆಂದು ಮುಚ್ಚಹೊರಟದ್ದು; ನಡುವೆ ಸೇರಿದ ವಿದ್ಯಾರ್ಥಿಗಳ ಪದವಿಪತ್ರದ ಗತಿ ಎರಡು ಪಕ್ಷಗಳಿಗೂ ಬೇಡವಾಯಿತು. ಖಾಸಗಿ ಸಂಸ್ಥೆಯಲ್ಲಿ ಮುಚ್ಚುವ ಮೊದಲು ಉಪಸಮಿತಿಯೂ ಸೇರುವುದಿಲ್ಲ. ಆ ವರ್ಷ ಪ್ರವೇಶ ನಿಲ್ಲುತ್ತದೆ, ಅಷ್ಟೆ.

ಶ್ರವಣಬೆಳಗೊಳದ ಕನಸು ಈ ದಾರಿ ಹಿಡಿಯಬಾರದು. ಅಲ್ಲಿಯ ಪ್ರಾಕೃತ ಅಧ್ಯಯನ ಸಂಸ್ಥೆ ಧವಲಾ ಸಂಪುಟಗಳನ್ನು ಕನ್ನಡಕ್ಕೆ ತರುವ ಕೆಲಸ ಕೈಗೊಂಡು ತನ್ನ ಶಕ್ತಿ ತೋರಿದೆ. ವಿಶ್ವವಿದ್ಯಾಲಯವೆಂಬ ಹೆಸರು ಬರುವ ಮೊದಲು ಅಲ್ಲಿಗೆ ನಾಲ್ಕು ಶಾಶ್ವತ ಪೀಠಗಳು ಬರಬೇಕು. ಮೂಲನಿಧಿ ಮಠದ ಖಾತೆಯಿಂದ ಬೇರೆಯಾಗಿರಬೇಕು. ಪೀಠಕ್ಕೆ ಆರಿಸುವ ಸಮಿತಿಯಲ್ಲಿ ಮೈಸೂರು, ಲಾಡನೂನ್, ಅಹಮದಾಬಾದುಗಳ ವಿದ್ವಾಂಸರು ಇರಬೇಕು, ಮಹಿಳೆಯರೂ ಇರಬೇಕು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದಾಗ ಲಿಪಿಕಾರರಿಗೆ ಕೂಲಿ ಕೊಟ್ಟೇ ಬರೆಯಿಸಿದ್ದು. ಶಾಸ್ತ್ರದಾನದಲ್ಲಿ ಸಂಬಳವೂ ಒಂದು ಬಾಬತ್ತು.

ದಶಲಕ್ಷಣ ಪರ್ವದ ಸಭೆಗಳಲ್ಲಿ ಮುಂಬಯಿ, ಪುಣೆ, ಹೈದರಾಬಾದುಗಳ ಕನ್ನಡ ಜೈನ ಸಂಘಗಳು ವಿದ್ಯಾಸಂಸ್ಥೆಗಳಿಗೆ ದಾನ ಘೋಷಿಸುವುದಿದೆ. ಘೋಷಣೆಗೆ ಮೊದಲು ಸಂಘದ ಕಾರ್ಯದರ್ಶಿ ಆ ಸಂಸ್ಥೆಗೆ ಒಂದು ಪತ್ರ ಬರೆದು ಒಂದೇ ಪುಟದ ಉತ್ತರ ತರಿಸಿಕೊಳ್ಳಲಿ. ಕಳೆದ ಮೂರು ವರ್ಷಗಳ ಆಡಿಟ್ ಆದ ಲೆಕ್ಕ. ಪ್ರತಿ ವಿಭಾಗದಲ್ಲಿ ಕಾಯಂ ಮತ್ತು ಗುತ್ತಿಗೆ ಅಧ್ಯಾಪಕರ ಸಂಖ್ಯೆ. ಪ್ರಾಕೃತ, ಜೈನಶಾಸ್ತ್ರಗಳಿಗೆ ಸೇರಿದವರು ಮತ್ತು ಮುಗಿಸಿದವರು. ಮೂಲನಿಧಿಯ ಮೊತ್ತ ಮತ್ತು ಅದನ್ನು ಇಟ್ಟಿರುವ ಸ್ಥಳ. ಉತ್ತರ ಬಂದ ಸಂಸ್ಥೆಗೆ ಮೂಲನಿಧಿಯ ನಿರ್ದೇಶನದೊಂದಿಗೆ ಚೆಕ್ಕು ಹೋಗಲಿ. ಉತ್ತರ ಬಾರದ ಸಂಸ್ಥೆಯ ಹೆಸರನ್ನು ಮುಂದಿನ ವರ್ಷದ ಸಭೆಯಲ್ಲಿ ಮತ್ತೆ ಎತ್ತಬಹುದು.